ನನ್ನ ಸರದಿ ಬಂದಾಗ ಮಾತ್ರ ಬಾಯಾರಿಕೆ

ಇದು ಉದ್ದದ ಪೋಸ್ಟ್. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಹತ್ತದೆ ಬರೀತಾ ಇದೀನಿ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೋದ ವಾರ ಇಲ್ಲಿ 40 ಸೆಕೆಂಡಿನ ಒಂದು ವಿಡಿಯೋ ಹಾಕಿದ್ದೆ. ಮರದ ನೆಲದ ಒಂದು ಹಾಲ್, ಹನ್ನೆರಡು ಜೋಡಿ, ಅದರ ಮಧ್ಯೆ ಕೆಂಪು ಅಂಗಿ ಹಾಕಿಕೊಂಡ ನಾನು. ಅರವತ್ತು ದಾಟಿದ ಒಬ್ಬ ಜರ್ಮನ್ ಯಜಮಾನರ ಕೈ ಹಿಡಿದು ರಾಕ್ ಅಂಡ್ ರೋಲ್ ಕುಣಿಯುತ್ತಿದ್ದೆ. ಚೆನ್ನಾಗೇನೂ ಕುಣಿದಿರಲಿಲ್ಲ. ಒಂದು ಕಡೆ ತಿರುಗುವಾಗ ಅವರ ಕಾಲು ತುಳಿದು ಇಬ್ಬರೂ ನಕ್ಕಿದ್ದು ಕೂಡ ಅದರಲ್ಲಿದೆ. ಡ್ಯೂಟಿ, ಮನೆ, ಡ್ಯೂಟಿ ಅಂತ ಐದು ವರ್ಷ ಕಳೆದ ಮೇಲೆ ಸಿಕ್ಕ ಖುಷಿ ಅದು. ಹಂಚಿಕೊಳ್ಳೋಣ ಅನ್ನಿಸಿತು, ಹಾಕಿದೆ.

ಬೈಗುಳ ಬಂದವು. ಅವು ನನಗೆ ಹೊಸದಲ್ಲ, ನನ್ನ ಪ್ರೊಫೈಲ್‌ನಲ್ಲಿ ನೀಲಿ ಬಾವುಟ ಇರೋವರೆಗೂ ಬರ್ತಾನೇ ಇರ್ತವೆ. ನಿದ್ದೆ ಕೆಡಿಸಿದ್ದು ಎರಡು ಕಮೆಂಟು.

ಒಂದು, ನಾನು ಕಾಲೇಜಿನಲ್ಲಿದ್ದಾಗ ನನಗೆ ಬಾಬಾಸಾಹೇಬರ ಪುಸ್ತಕ ಕೈಗಿತ್ತ ಅಣ್ಣನದು. ಹೆಸರು ಹೇಳಲ್ಲ, ಅವರಿಗೆ ಗೊತ್ತಾಗುತ್ತೆ. "ತಂಗೀ, ನಮ್ಮ ಹೆಣ್ಣುಮಕ್ಕಳನ್ನು ಊರವರು ಕುಣಿಸಿದ್ದು ಸಾಕಾಗಲಿಲ್ವಾ? ನಿಮ್ಮಪ್ಪ ತಮಟೆ ಕೆಳಗಿಟ್ಟ ಮನುಷ್ಯ. ನೀನು ಬಿಳಿಯರ ಕುಣಿತ ಕಲೀತಿದೀಯ. ಚಳವಳಿ ಎಲ್ಲಿಗೆ ಬಂತು ನೋಡು."

ಇನ್ನೊಂದು ಬೆಂಗಳೂರಿನ ಒಬ್ಬ ಪ್ರಗತಿಪರರದು. "ತಮಟೆಯಂಥ ಶ್ರೀಮಂತ ಪರಂಪರೆ ಇರುವವರೇ ಪಾಶ್ಚಾತ್ಯ ನೃತ್ಯದ ಬೆನ್ನು ಹತ್ತಿದರೆ ಬೇರುಗಳು ಉಳಿಯುವುದು ಹೇಗೆ?"

ಎರಡನೆಯವರನ್ನು ಮೊದಲು ಮುಗಿಸಿಬಿಡ್ತೀನಿ, ಹೆಚ್ಚು ಹೊತ್ತು ಬೇಕಿಲ್ಲ.

ಸರ್, ನಿಮ್ಮ ಮಗಳು ಸಾಲ್ಸಾ ಕ್ಲಾಸಿಗೆ ಹೋಗಿದ್ದ ಫೋಟೋ ನೀವೇ ಹಾಕಿದ್ದಿರಿ. ನಾನು ಲೈಕ್ ಕೂಡ ಒತ್ತಿದ್ದೆ. ಆವಾಗ ನಿಮ್ಮ ಬೇರು ಎಲ್ಲಿ ಹೋಗಿತ್ತು? ನಿಮಗೆ ರೆಕ್ಕೆ, ನಮಗೆ ಬೇರು. ನೀವು ಜಗತ್ತಿನಲ್ಲಿ ಏನು ಬೇಕಾದರೂ ಕಲಿಯಬಹುದು, ನಾವು ಮಾತ್ರ ನಿಮ್ಮ ಸೆಮಿನಾರ್ ಉದ್ಘಾಟನೆಗೆ ತಮಟೆ ಹಿಡಿದು ಬಾಗಿಲಲ್ಲಿ ನಿಂತಿರಬೇಕು. ಅತಿಥಿಗಳು ಒಳಗೆ ಹೋದ ಮೇಲೆ ತಮಟೆಯವರು ಹಿಂದುಗಡೆ ಊಟದ ಪೊಟ್ಟಣ ಇಸ್ಕೊಂಡು ಬಸ್ ಹಿಡಿಯಬೇಕು. ಆ ಪರಂಪರೆ ಎಷ್ಟು ಶ್ರೀಮಂತ ಅನ್ನೋದನ್ನ ಬಾರಿಸಿದವರ ಮನೆಯ ಸೂರು ನೋಡಿ ಹೇಳಿ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾನಿಲ್ಲಿ ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ಅತ್ತಿದ್ದೀನಿ. ಆ ತಮಟೆಗೆ ಕೈ ಮುಗೀತೀನಿ. ಅದಕ್ಕಾಗಿ ನನ್ನ ಕಾಲಿಗೆ ನೀವು ಹಗ್ಗ ಕಟ್ಟೋ ಹಾಗಿಲ್ಲ.

ಇನ್ನು ನನ್ನ ಅಣ್ಣನ ಮಾತು.

ಅಣ್ಣಾ, ನೀವು ಅಪ್ಪನ ಹೆಸರು ತೆಗೆದಿದ್ದಕ್ಕೆ ನನಗೆ ನೋವಾಯ್ತು, ಯಾಕಂದ್ರೆ ನೀವು ಹೇಳಿದ್ದು ನಿಜ. ನಮ್ಮೂರು ಚಿಂತಾಮಣಿ ಕಡೆ. ಅಪ್ಪ ಜಾತ್ರೆಗೆ, ಸಾವಿಗೆ, ಊರ ಹಬ್ಬಕ್ಕೆ ತಮಟೆ ಬಡಿದವನು. ಒಣಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ, ಬೆರಳಲ್ಲಿ ಮೀಟಿ ನೋಡಿ, ಇನ್ನೂ ಸ್ವಲ್ಪ ಕಾಯಬೇಕು ಅಂತ ಮತ್ತೆ ಬೆಂಕಿಗೆ ಹಿಡೀತಿದ್ದನಂತೆ. ದೇವರು ಮೆರವಣಿಗೆ ಹೊರಟರೆ ಎಲ್ಲರಿಗಿಂತ ಮುಂದೆ ಇವನೇ. ದೇವರು ಗುಡಿ ಒಳಗೆ ಹೋದ ಮೇಲೆ ಎಲ್ಲರಿಗಿಂತ ಹೊರಗೆ ಇವನೇ. 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಕೇರಿಗೆ ಬಂದು, ಇದು ಕಲೆ ಅಲ್ಲ, ಬಿಟ್ಟಿ ಚಾಕರಿ, ಕೆಳಗಿಡಿ ಅಂದ್ರು. ಅಪ್ಪ ಕೆಳಗಿಟ್ಟ. ಆ ವರ್ಷ ಊರಲ್ಲಿ ಯಾರೂ ಕೂಲಿಗೆ ಕರೀಲಿಲ್ಲ. ಆ ಹುಡುಗರಲ್ಲಿ ನೀವೂ ಒಬ್ಬರಿದ್ರಿ ಅಂತ ಅಪ್ಪ ಈಗಲೂ ಹೆಮ್ಮೆಯಿಂದ ಹೇಳ್ತಾನೆ.

ಆದರೆ ಅದರ ಇನ್ನೊಂದು ಮಗ್ಗುಲು ನಿಮಗೆ ಗೊತ್ತಿಲ್ಲ. ನಾನು ಏಳು ವರ್ಷದವಳಿದ್ದಾಗ ಸ್ಟೀಲ್ ತಟ್ಟೆ ಬಡೀತಾ ಕುಣಿದೆ ಅಂತ ಅಪ್ಪ ಕೆನ್ನೆಗೆ ಹೊಡೆದ. ಬದುಕಿನಲ್ಲಿ ಅವನು ನನಗೆ ಹೊಡೆದಿದ್ದು ಅದೊಂದೇ ಸಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಎಲ್ಲ ಹುಡುಗಿಯರೂ ಕುಣಿದರು, ನನ್ನನ್ನು ಅಮ್ಮ ಕಳಿಸಲಿಲ್ಲ. "ನಾವು ಕುಣಿದರೆ ಜನ ಬೇರೆ ಥರ ನೋಡ್ತಾರೆ" ಅಂದಳು. ಮೇಲ್ಜಾತಿಯ ಹುಡುಗಿ ಕುಣಿದರೆ ಅದು ನೃತ್ಯ, ನಾನು ಕುಣಿದರೆ ಅದು ಕುಣಿತ. ಕನ್ನಡದಲ್ಲೇ ನೋಡಿ, ಪದಕ್ಕೂ ಕೇರಿ ಬೇರೆ.

ಹಾಗಾಗಿ ನಾನು ಮೂವತ್ತೇಳನೇ ವಯಸ್ಸಿನವರೆಗೂ ಕುಣಿದಿರಲಿಲ್ಲ. ಸ್ವಂತ ಮದುವೆಯಲ್ಲೂ ಇಲ್ಲ.

ಈಗ "ಬಿಳಿಯರ ಕುಣಿತ" ಅಂದ್ರಲ್ಲ, ಅಲ್ಲಿಗೆ ಬರ್ತೀನಿ. ಇಲ್ಲಿ ನನಗೆ ಸಿಟ್ಟು ಬರೋದು ನಿಮ್ಮ ಮೇಲಲ್ಲ, ಈ ಸುಳ್ಳನ್ನು ನಿಮ್ಮವರೆಗೂ ತಲುಪಿಸಿದವರ ಮೇಲೆ.

ಅಣ್ಣಾ, ಇದು ಕಪ್ಪು ಜನರ ಕುಣಿತ. ನ್ಯೂಯಾರ್ಕಿನ ಹಾರ್ಲೆಮ್ ಗೊತ್ತಲ್ಲ. ಬಾಬಾಸಾಹೇಬರು 1913ರಿಂದ 16ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಪಕ್ಕದ ಕೇರಿ ಅದು. ಕೇರಿ ಅಂತಲೇ ಅನ್ನೋಣ. ಅಲ್ಲಿ ಲೆನಾಕ್ಸ್ ಅವೆನ್ಯೂನಲ್ಲಿ 1926ರ ಮಾರ್ಚಿನಲ್ಲಿ ಸವಾಯ್ ಬಾಲ್‌ರೂಮ್ ಅಂತ ಒಂದು ಕುಣಿತದ ಮನೆ ತೆರೀತು. ಅಲ್ಲಿ ಲಿಂಡಿ ಹಾಪ್ ಅನ್ನೋ ಜೋಡಿ ಕುಣಿತ ಬೆಳೀತು. ಅದರಿಂದ ಜಿಟರ್‌ಬಗ್, ಅದರಿಂದ ಜೈವ್, ಬೂಗಿ, ಆಮೇಲೆ ರಾಕ್ ಅಂಡ್ ರೋಲ್. ನಾನು ಈಗ ಕಲೀತಿರೋ ಆರು ಎಣಿಕೆಯ ಹೆಜ್ಜೆಯ ಅಜ್ಜಿ ಅಲ್ಲಿದ್ದಾಳೆ. ಮನೆಗೆಲಸದವರು, ಕೂಲಿಯವರು, ಲಿಫ್ಟ್ ನಡೆಸುವವರು ಕೆಲಸ ಮುಗಿಸಿ ಬಂದು ಕಟ್ಟಿದ ಕುಣಿತ ಇದು.

ಅದೇ ಹಾರ್ಲೆಮ್‌ನಲ್ಲಿ ಕಾಟನ್ ಕ್ಲಬ್ ಅಂತ ಇನ್ನೊಂದಿತ್ತು. ವೇದಿಕೆ ಮೇಲೆ ಕಪ್ಪು ಕಲಾವಿದರು, ಕುರ್ಚಿ ಮೇಲೆ ಬಿಳಿಯ ಗಿರಾಕಿಗಳು. ಕುಣಿಯೋದಕ್ಕೆ ಒಳಗೆ ಬಿಡ್ತಿದ್ರು, ಕೂರೋದಕ್ಕೆ ಬಿಡ್ತಿರಲಿಲ್ಲ. ಇದನ್ನ ಓದಿದಾಗ ನನಗೆ ಅಪ್ಪನ ಜಾತ್ರೆ ನೆನಪಾಯ್ತು ಅಂತ ಬೇರೆ ಹೇಳಬೇಕಾ? ಸವಾಯ್‌ನಲ್ಲಿ ಮಾತ್ರ ಹಾಗಿರಲಿಲ್ಲ. ಕಪ್ಪು ಬಿಳುಪು ಇಬ್ಬರೂ ಒಂದೇ ನೆಲದ ಮೇಲೆ ಕುಣಿದರು, ಕೈ ಕೈ ಹಿಡಿದು. ಸವಾಯ್ ತೆರೆದು ಒಂದು ವರ್ಷಕ್ಕೆ, 1927ರ ಮಾರ್ಚ್ 20ಕ್ಕೆ, ಬಾಬಾಸಾಹೇಬರು ಮಹಾಡ್‌ನಲ್ಲಿ ಕೆರೆಯ ನೀರು ಮುಟ್ಟಿದರು. ಇದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ, ನಾನೇ ಕಟ್ಟಿಕೊಳ್ಳುತ್ತಿರೋ ನಂಟು. ಆದರೆ 1943ರಲ್ಲಿ ನಗರಾಡಳಿತ ಸವಾಯ್‌ಗೆ ಆರು ತಿಂಗಳು ಬೀಗ ಹಾಕಿಸ್ತು. ಕಾಗದದ ಮೇಲೆ ಕಾರಣ ಬೇರೆ, ಅನೈತಿಕ ಚಟುವಟಿಕೆ ಅಂತ. ಕಪ್ಪು ಬಿಳುಪು ಮೈ ಮುಟ್ಟಿ ಕುಣಿಯೋದೇ ಕಣ್ಣು ಕುಕ್ಕಿದ್ದು ಅಂತ ಹಾರ್ಲೆಮ್ ಆವತ್ತೇ ಹೇಳಿತು.

ಮುಟ್ಟೋದು. ಎಲ್ಲ ಕಡೆ ಜಗಳ ಅಲ್ಲಿಗೇ ಬಂದು ನಿಲ್ಲುತ್ತೆ.

1956ರ ಏಪ್ರಿಲ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಡ್ತಾ ಇದ್ದ ನ್ಯಾಟ್ ಕಿಂಗ್ ಕೋಲ್ ಮೇಲೆ ಬಿಳಿಯರ ಗುಂಪು ವೇದಿಕೆ ಹತ್ತಿ ಬಿದ್ದಿತು. ಅವರು ರಾಕ್ ಅಂಡ್ ರೋಲ್ ಹಾಡುಗಾರ ಕೂಡ ಅಲ್ಲ, ಮೆಲುದನಿಯವರು. ಆದರೆ ಕಪ್ಪು ಸಂಗೀತ ನಮ್ಮ ಮಕ್ಕಳನ್ನ ಕೆಡಿಸ್ತಿದೆ ಅಂತ ಆಗ ಅಲ್ಲಿ ಅಭಿಯಾನವೇ ನಡೀತಿತ್ತು. ಮುಂದಿನ ವರ್ಷ ಅಲನ್ ಫ್ರೀಡ್ ಅವರ ಟಿವಿ ಕಾರ್ಯಕ್ರಮದಲ್ಲಿ ಫ್ರಾಂಕಿ ಲೈಮನ್ ಅನ್ನೋ ಕಪ್ಪು ಹುಡುಗ ಒಬ್ಬ ಬಿಳಿ ಹುಡುಗಿ ಜೊತೆ ಕುಣಿದ. ಹಾಡು ಮುಗಿದ ಮೇಲೆ ಸುಮ್ಮನೆ ನಾಲ್ಕು ಹೆಜ್ಜೆ. ದಕ್ಷಿಣದ ರಾಜ್ಯಗಳ ಟಿವಿ ಸ್ಟೇಷನ್‌ಗಳು ಕೂಗಾಡಿ, ಕಾರ್ಯಕ್ರಮವೇ ನಿಂತುಹೋಯಿತು. ಬಾಲ್ಟಿಮೋರ್‌ನ ಬಡ್ಡಿ ಡೀನ್ ಶೋ ಅನ್ನೋ ಕುಣಿತದ ಕಾರ್ಯಕ್ರಮದಲ್ಲಿ ಕಪ್ಪು ಮಕ್ಕಳಿಗೆ ಬೇರೆಯೇ ದಿನ. ಒಟ್ಟಿಗೆ ಕುಣೀಲಿ ಅಂತ ಒತ್ತಾಯ ಜಾಸ್ತಿಯಾದಾಗ, 1964ರಲ್ಲಿ, ಕಾರ್ಯಕ್ರಮವನ್ನೇ ಮುಚ್ಚಿದರು ಹೊರತು ಕೈಗೆ ಕೈ ಕೊಡಲು ಬಿಡಲಿಲ್ಲ. ನಮ್ಮ ಕಡೆ ಕೆರೆಗೆ ಮಣ್ಣು ಹಾಕಿ ಮುಚ್ತೀವಿ, ನಿಮಗೆ ನೀರು ಕೊಡಲ್ಲ ಅನ್ನೋರನ್ನ ನಾನು ಕಣ್ಣಾರೆ ಕಂಡಿದೀನಿ. ಅದೇ ಬುದ್ಧಿ.

ಮತ್ತೆ ಇದು ಬಿಳಿಯರ ಕುಣಿತ ಆಗಿದ್ದು ಯಾವಾಗ? ಡ್ಯಾನ್ಸ್ ಸ್ಟುಡಿಯೋಗಳು ಅದನ್ನ ತೊಳೆದು, ಸೊಂಟ ಕಡಿಮೆ ಮಾಡಿಸಿ, ಮಂಡಿ ನೆಟ್ಟಗೆ ಮಾಡಿಸಿ, ಹೆಜ್ಜೆಗೆ ನಂಬರ್ ಹಾಕಿ, ಫೀಸ್ ಇಟ್ಟಾಗ. 1935ರಲ್ಲಿ ಸವಾಯ್‌ನ ಸ್ಪರ್ಧೆಯಲ್ಲಿ ಜೊತೆಗಾತಿಯನ್ನು ಬೆನ್ನ ಮೇಲಿಂದ ಹಾರಿಸಿ ಇಳಿಸಿದ ಫ್ರಾಂಕಿ ಮ್ಯಾನಿಂಗ್, ಕಾಲ ಬದಲಾದ ಮೇಲೆ ಸುಮಾರು 30 ವರ್ಷ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ಬದುಕಿದ್ರು. 1980ರ ದಶಕದಲ್ಲಿ ಅಮೆರಿಕದ, ಸ್ವೀಡನ್ನಿನ ಕೆಲವು ಹುಡುಗ ಹುಡುಗಿಯರು ಹುಡುಕಿಕೊಂಡು ಹೋಗೋವರೆಗೂ ಅವರನ್ನ ಕೇಳೋರಿರಲಿಲ್ಲ. ಆ ಹೊತ್ತಿಗೆ ಅವರ ಗಾಳಿ ಹೆಜ್ಜೆಗಳನ್ನು ಯೂರೋಪಿನ ಸ್ಪರ್ಧೆಗಳಲ್ಲಿ ನಂಬರ್ ಕಟ್ಟಿಕೊಂಡು ಹಾರ್ತಾ ಇದ್ದರು.

ನಮ್ಮಲ್ಲೂ ಆಗಿದ್ದು ಇದೇ ಅಲ್ವಾ? ಸದಿರ್ ಅಂತಿದ್ದರು, ದೇವದಾಸಿಯರ ಆಟ, ಹೊಲಸು ಅಂದ್ರು. ಅದನ್ನೇ 1930ರ ದಶಕದಲ್ಲಿ ಮೇಲ್ಜಾತಿಯ ಮನೆಗಳಿಗೆ ತಂದು ಶೃಂಗಾರ ಕಡಿಮೆ ಮಾಡಿ, ಭಕ್ತಿ ಜಾಸ್ತಿ ಮಾಡಿ, ಭರತನಾಟ್ಯ ಅಂತ ಹೆಸರಿಟ್ಟು, 1936ರಲ್ಲಿ ಕಲಾಕ್ಷೇತ್ರ ಕಟ್ಟಿದರು. 1947ರಲ್ಲಿ ಮದ್ರಾಸಿನ ಕಾಯಿದೆ ಗುಡಿಯಲ್ಲಿ ಕುಣಿಯೋದನ್ನ ಆ ಹೆಂಗಸರಿಗೆ ಅಪರಾಧ ಮಾಡಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡೋದು ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮ ರಾಜ್ಯದಲ್ಲಿ 1982ರ ಕಾಯಿದೆ ಬಂದ ಮೇಲೂ ಉತ್ತರದ ಜಿಲ್ಲೆಗಳಲ್ಲಿ ಅದಕ್ಕೆ ಬಲಿಯಾದವರಲ್ಲಿ ಹೆಚ್ಚಿನವರು ನಮ್ಮ ಹೆಣ್ಣುಮಕ್ಕಳೇ. ನಾನು ಕೇಳೋದು ಬೇರೆ. ಕುಣಿತ ಉಳೀತು, ಕುಣಿದವರು ಎಲ್ಲಿ ಹೋದ್ರು? ಕುಣಿತಕ್ಕೆ ಮಡಿ ಉಡಿಸಿ ಒಳಗೆ ಕರಕೊಂಡರು, ಕುಣಿದವಳನ್ನ ಹೊರಗೇ ನಿಲ್ಲಿಸಿದರು. ಅವಮಾನ ಮಾತ್ರ ನಮಗೆ ಬಿಟ್ಟರು. ಅಣ್ಣಾ, ನಿಮ್ಮ ಕಮೆಂಟ್‌ನಲ್ಲಿರೋ ನಾಚಿಕೆ ನಮ್ಮದಲ್ಲ. ಅವರು ಬಿಟ್ಟುಹೋದ ನಾಚಿಕೆಯನ್ನ ನಾವು ಯಾಕೆ ಹೊತ್ತು ತಿರುಗಬೇಕು?

ಈಗ ಕ್ಲಾಸಿನ ವಿಷಯ.

ನಾನಿರೋದು ಫ್ರಾಂಕ್‌ಫರ್ಟ್‌ನಿಂದ ಉತ್ತರಕ್ಕೆ ಒಂದು ಸಣ್ಣ ಊರು. ಇಲ್ಲಿ ಊರೂರಲ್ಲೂ ವಯಸ್ಕರಿಗೆ ಸಂಜೆ ತರಗತಿ ನಡೆಸೋ ಕೇಂದ್ರಗಳಿವೆ. ಭಾಷೆ, ಅಡುಗೆ, ಹೊಲಿಗೆ, ಕುಣಿತ, ಏನು ಬೇಕಾದರೂ ಕಲೀಬಹುದು, ಫೀಸೂ ಜೇಬಿಗೆ ಭಾರ ಅಲ್ಲ. ಜರ್ಮನ್ ಭಾಷೆ ಪರೀಕ್ಷೆಗೆ ಅಂತ ಹೋದವಳು ಗೋಡೆ ಮೇಲಿನ ಪಟ್ಟಿ ನೋಡಿ, ರಾಕ್ ಅಂಡ್ ರೋಲ್, ಹೊಸಬರಿಗೆ, ಎಂಟು ಮಂಗಳವಾರ, ಜೋಡಿ ಇಲ್ಲದವರೂ ಬರಬಹುದು ಅಂತಿದ್ದಿದ್ದಕ್ಕೆ ಹೆಸರು ಬರೆಸಿದೆ. ಗಂಡನಿಗೆ ಶಿಫ್ಟ್ ಇತ್ತು. ಜೋಡಿ ಇಲ್ಲದವರೂ ಅನ್ನೋ ಮಾತೇ ನನ್ನನ್ನ ಎಳೆದಿದ್ದು.

ಇದರಲ್ಲಿ ಒಂದು ಪದ್ಧತಿ ಇದೆ. ಎಲ್ಲರೂ ದುಂಡಗೆ ನಿಲ್ಲಬೇಕು. ನಡೆಸುವವರು ಒಂದು ಸಾಲು, ಹಿಂಬಾಲಿಸುವವರು ಒಂದು ಸಾಲು. ನಾಲ್ಕೈದು ನಿಮಿಷಕ್ಕೊಮ್ಮೆ ಟೀಚರ್ ಕೈ ತಟ್ಟಿ "ಬದಲಿಸಿ" ಅಂತಾರೆ. ಒಂದು ಸಾಲು ಒಂದೊಂದು ಹೆಜ್ಜೆ ಮುಂದಕ್ಕೆ. ಎದುರಿಗೆ ಹೊಸ ಮನುಷ್ಯ. ಹೆಸರು ಹೇಳಿ, ಕೈ ಕೊಡಿ, ಶುರು. ಒಂದೂವರೆ ಗಂಟೆಯಲ್ಲಿ ಹನ್ನೆರಡು ಅಪರಿಚಿತರ ಕೈ ಹಿಡಿದಿರ್ತೀರಿ. ಹೀಗೆ ಮಾಡೋದು ಔದಾರ್ಯಕ್ಕಲ್ಲ, ಬೇಗ ಕಲಿಯೋಕೆ. ಒಬ್ಬರ ಜೊತೆಗೇ ಕುಣಿದರೆ ಅವರ ತಪ್ಪಿಗೆ ನಮ್ಮ ಮೈ ಒಗ್ಗಿಹೋಗುತ್ತೆ.

ಮೊದಲನೇ ದಿನ ಮೊದಲನೇ ಕೈ ಚಾಚಿದಾಗ ನಾನು ಏನು ಮಾಡಿದೆ ಗೊತ್ತಾ? ನನ್ನ ಅಂಗೈ ಪ್ಯಾಂಟಿಗೆ ಒರೆಸಿಕೊಂಡೆ. ಬೆವರಿರಲಿಲ್ಲ. ಸುಮ್ಮನೆ, ಅಭ್ಯಾಸಬಲ. ನಾನು ನರ್ಸು. ದಿನವಿಡೀ ಜನರನ್ನ ಮುಟ್ಟೋದೇ ನನ್ನ ಕೆಲಸ, ಗ್ಲೋವ್ಸ್ ಹಾಕಿಕೊಂಡು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಒಬ್ಬ ಅಜ್ಜಿ "ನೀನು ಯಾವ ಪೈಕಿ ಮಗಾ" ಅಂತ ಕೇಳಿ, ನಾನು ಹೇಳಿದ ಮೇಲೆ, ಮಾತ್ರೆಯನ್ನ ಕೈಗೆ ಕೊಡಬೇಡ, ಮೇಜಿನ ಮೇಲಿಡು ಅಂದಿದ್ದರು. ರೋಗಿ, ವಯಸ್ಸಾದವರು, ಏನಂತ ಜಗಳ ಆಡ್ತೀರಿ? ಇಟ್ಟೆ. ಆ ಮೇಜು ನನ್ನ ಜೊತೆ ವಿಮಾನ ಹತ್ತಿ ಬಂದಿದೆ ಅಂತ ಗೊತ್ತಾಗಿದ್ದು ಆವತ್ತು ಸಂಜೆ.

ಹಿಡಿಯೋದಕ್ಕೂ ಕ್ರಮ ಇದೆ. ಬೆರಳುಗಳನ್ನ ಕೊಂಡಿ ಥರ ಸಿಕ್ಕಿಸಬೇಕು, ಹೆಬ್ಬೆರಳು ಒತ್ತಬಾರದು. ತೋಳು ಬೆಂದ ಶಾವಿಗೆ ಥರ ಜೋತುಬಿದ್ದರೆ ಎದುರಿನವರ ಸುಳಿವು ನಿಮಗೆ ತಲುಪಲ್ಲ. ಬಿಗಿ ಹಿಡಿದರೂ ತಲುಪಲ್ಲ. ಇಬ್ಬರೂ ಸ್ವಲ್ಪ ಸ್ವಲ್ಪ ಭಾರ ಒಬ್ಬರಿಂದೊಬ್ಬರು ಆಚೆಗೆ ಎಳೆದಿರಬೇಕು, ಬಾವಿ ಹಗ್ಗ ಬಿಗಿಯಾಗಿರೋ ಹಾಗೆ. ಒಂದು ಎರಡು, ಹಿಂದಕ್ಕೆ ಹೆಜ್ಜೆ ಇಟ್ಟು ವಾಪಸ್. ಆಮೇಲೆ ಮೂರು ಚಿಕ್ಕ ಹೆಜ್ಜೆ ಆಚೆ, ಮೂರು ಚಿಕ್ಕ ಹೆಜ್ಜೆ ಈಚೆ. ಒಟ್ಟು ಆರು ಎಣಿಕೆ. ಸಂಗೀತ ಮಾತ್ರ ನಾಲ್ಕರದು. ಹಾಗಾಗಿ ಹೆಜ್ಜೆಯ ಶುರು ಸಂಗೀತದ ಶುರುವಿಗೆ ಕೂಡಲ್ಲ. ಎರಡು ಸಲ ಹೆಜ್ಜೆ ಮುಗಿಸೋ ಹೊತ್ತಿಗೆ ಸಂಗೀತ ಮೂರು ಸುತ್ತು ಮುಗಿಸಿರುತ್ತೆ, ಆಗ ಮತ್ತೆ ಕೂಡುತ್ತೆ. ಉಳಿದವರು ಇಲ್ಲಿ ಒದ್ದಾಡಿದರು. ನನಗೆ ಎರಡನೇ ವಾರಕ್ಕೇ ಬಂತು. ಟೀಚರ್ "ಮೊದಲು ಎಲ್ಲಿ ಕಲಿತಿದ್ದೆ?" ಅಂತ ಕೇಳಿದ್ರು. ಏನು ಹೇಳಲಿ? ಕೆನ್ನೆಗೆ ಬಿದ್ದ ಏಟಿಗೂ ಮುಂಚೆ ಕಲಿತಿದ್ದೆ.

ನಾಲ್ಕನೇ ವಾರ ಒಂದು ಹೊಸ ಜೋಡಿ ಬಂತು, ನಮ್ಮವರು. ಕನ್ನಡದವರು ಅಂತ ಅರ್ಥದಲ್ಲಿ ನಮ್ಮವರು ಅಂದೆ. ಎಂಥ ಖುಷಿ ನನಗೆ! ಬ್ರೇಕಿನಲ್ಲಿ ಮೂವರೂ ಬಾಯ್ತುಂಬ ಕನ್ನಡ ಮಾತಾಡಿದ್ವಿ. ಯಾವೂರು? ಚಿಂತಾಮಣಿ. ಓ, ನಮ್ಮ ಚಿಕ್ಕಪ್ಪ ಅಲ್ಲಿ ಬ್ಯಾಂಕಿನಲ್ಲಿದ್ದರು. ಊರೊಳಗಾ, ಹಳ್ಳಿಯಾ? ಅಪ್ಪ ಏನು ಮಾಡ್ತಿದ್ರು? ನಿಮ್ಮನೆ ದೇವರು ಯಾವುದು? ಈ ಪ್ರಶ್ನೆಪತ್ರಿಕೆ ನಮಗೆಲ್ಲ ಬಾಯಿಪಾಠ. ಬೇರೆ ದಿನ ಆಗಿದ್ರೆ ತೇಲಿಸಿಬಿಡ್ತಿದ್ದೆನೇನೋ. ಆವತ್ತು ಖುಷಿಯಲ್ಲಿದ್ದೆ. "ನಮ್ಮನೇಲಿ ಬಾಬಾಸಾಹೇಬರ ಫೋಟೋ ಒಂದೇ ಸಾರ್" ಅಂದೆ. "ಓಹೋ, ಗುಡ್ ಗುಡ್" ಅಂದ್ರು.

ಆ ದಿನ ಬ್ರೇಕಿಗೆ ಮುಂಚೆ ಆ ಮನುಷ್ಯ ನನ್ನ ಜೊತೆ ಕುಣಿದಿದ್ದರು. ಇದನ್ನ ಜ್ಞಾಪಕ ಇಟ್ಕೊಳ್ಳಿ.

ಬ್ರೇಕಿನ ಮೇಲೆ ಸುತ್ತು ತಿರುಗಿ ನನ್ನ ಸರದಿ ಬಂತು. ಅವರು ನೀರು ಕುಡಿಯೋಕೆ ಹೋದರು. ಆಗಲಿ, ಬಾಯಾರಿಕೆ ಯಾರಿಗಿಲ್ಲ. ಮುಂದಿನ ವಾರ ನನ್ನ ಸರದಿ ಬಂದಾಗ ಮತ್ತೆ ನೀರು. ಅದೇ ಸಂಜೆ ಎರಡನೇ ಸುತ್ತಿನಲ್ಲಿ ಶೂ ಲೇಸ್. ಅದರ ಮುಂದಿನ ವಾರ ಮತ್ತೆ ನೀರು. ಉಳಿದ ಹನ್ನೊಂದು ಜನ ಹೆಂಗಸರ ಕೈ ಹಿಡಿಯುವಾಗ ಈ ಮನುಷ್ಯನ ಗಂಟಲು ಒಣಗಲೇ ಇಲ್ಲ. ನಾನು ಎದುರು ಬಂದ ಕೂಡಲೇ ಮರುಭೂಮಿ.

ನಾನು ಎಷ್ಟು ದಡ್ಡಿ ಅಂದ್ರೆ, ಮೊದಲು ನನ್ನ ಬಾಯಿ ವಾಸನೆ ಬರ್ತಿದೆಯಾ ಅಂತ ನೋಡಿಕೊಂಡೆ. ಡಿಯೋಡರೆಂಟ್ ಬದಲಿಸಿದೆ. ನಮ್ಮವರಿಗೆ ಇದು ಅರ್ಥ ಆಗುತ್ತೆ, ಬೇರೆಯವರಿಗೆ ಹೇಳಿ ಪ್ರಯೋಜನ ಇಲ್ಲ. ಅವರು ಅವಮಾನ ಮಾಡ್ತಾರೆ, ತಪ್ಪು ಹುಡುಕೋದು ಮಾತ್ರ ನಮ್ಮ ಮೈಯಲ್ಲಿ ನಾವು.

2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ನಮ್ಮ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ ಆ ಮನೆಗೆ 60,000 ರೂಪಾಯಿ ದಂಡ ಹಾಕಿದ್ದರು. ಹದಿನೈದು ವರ್ಷದ ಹುಡುಗ. ಅದನ್ನು ಓದಿ ಇಲ್ಲಿನ ಕನ್ನಡಿಗರು ಕೆಲವರು "ಛೇ, ಹಳ್ಳಿ ಕಡೆ ಇನ್ನೂ ಇದೆ ನೋಡಿ" ಅಂದಿದ್ದರು. ಹಳ್ಳಿ ಕಡೆಯಂತೆ! ಕೋಲು ಹಿಡಿದು ದಂಡ ಹಾಕೋರು ಹಳ್ಳಿಯವರು. ನೀರಿನ ಬಾಟ್ಲಿ ಹಿಡಿದು ನಗುತ್ತಾ ಪಕ್ಕಕ್ಕೆ ಸರಿಯೋರು ಬ್ಲೂ ಕಾರ್ಡ್‌ನವರು.

ಟೀಚರ್‌ಗೆ ಹೇಳಿದೆ. ಒಳ್ಳೇ ಹೆಂಗಸು, ಕೇಳಿ ಬೇಜಾರು ಮಾಡಿಕೊಂಡರು. ಆಮೇಲೆ ಅಂದರು: "ಅದು ನಿಮ್ಮ ದೇಶದ ಸಂಸ್ಕೃತಿಯ ವಿಷಯ ಇರಬಹುದು, ನಾನು ಮಧ್ಯೆ ಬರೋದು ಸರಿಯಲ್ಲ." ನೋಡಿ ಹೇಗಿದೆ. ಬಿಳಿಯನೊಬ್ಬ ಕಪ್ಪು ಹೆಂಗಸಿನ ಕೈ ಹಿಡಿಯಲ್ಲ ಅಂದಿದ್ರೆ ಅದೇ ಹಾಲಿನಲ್ಲಿ ಅದು ಜನಾಂಗದ್ವೇಷ. ಕಂದು ಬಣ್ಣದವನು ಕಂದು ಬಣ್ಣದವಳ ಕೈ ಹಿಡಿಯಲ್ಲ ಅಂದರೆ ಸಂಸ್ಕೃತಿ, ಗೌರವಿಸಬೇಕು. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಡುಬಾಯ್ಸ್ ಅವರಿಗೆ ಪತ್ರ ಬರೆದು ನಮ್ಮಿಬ್ಬರ ಸ್ಥಿತಿ ಒಂದೇ ಥರದ್ದು ಅಂತ ಹೇಳಿದ್ದರು. ಡುಬಾಯ್ಸ್‌ಗೆ ಅರ್ಥವಾಯ್ತು. ಇಷ್ಟು ವರ್ಷ ಆದಮೇಲೂ ಒಂದು ಡ್ಯಾನ್ಸ್ ಕ್ಲಾಸಿಗೆ ಅದನ್ನ ಅರ್ಥ ಮಾಡಿಸೋಕೆ ನನ್ನ ಅರೆಬರೆ ಜರ್ಮನ್ ಸಾಕಾಗಲಿಲ್ಲ.

ಹಾಗಂತ ಸುಮ್ಮನಾಗಲಿಲ್ಲ. ನಮ್ಮ ಹಾಲಿನ ಗೋಡೆ ತುಂಬ ಎಲ್ವಿಸ್. ಯಾಕಂದ್ರೆ ಇದು ಎಲ್ವಿಸ್ ಸೀಮೆ. 1958ರಿಂದ 60ರವರೆಗೆ ಅವನು ಇಲ್ಲೇ ಫ್ರೀಡ್‌ಬರ್ಗ್‌ನಲ್ಲಿ ಸೈನಿಕನಾಗಿದ್ದ, ಪಕ್ಕದ ಬಾಡ್ ನೌಹೈಮ್‌ನಲ್ಲಿ ಮನೆ ಮಾಡಿದ್ದ. ಅಲ್ಲಿ ಪ್ರತಿ ಆಗಸ್ಟ್‌ನಲ್ಲಿ ಅವನ ಹಬ್ಬ ನಡೆಯುತ್ತೆ. ಫ್ರೀಡ್‌ಬರ್ಗ್‌ನಲ್ಲಿ ರಸ್ತೆ ದಾಟೋ ಸಿಗ್ನಲ್ ದೀಪದಲ್ಲೂ ಅವನೇ, ಕೆಂಪಿಗೆ ನಿಂತ ಎಲ್ವಿಸ್, ಹಸಿರಿಗೆ ಕುಣಿಯೋ ಎಲ್ವಿಸ್. ನೋಡೋಕೆ ಮುದ್ದಾಗಿದೆ, ಸುಳ್ಳು ಹೇಳಲ್ಲ. ಎಲ್ವಿಸ್ ಮೇಲೆ ನನಗೆ ಸಿಟ್ಟೂ ಇಲ್ಲ, ಅವನೂ ಎರಡು ಕೋಣೆ ಮನೆಯಲ್ಲಿ ಹುಟ್ಟಿದ ಬಡವರ ಹುಡುಗ. ಆದರೆ ಅವನಿಗೆ ಹೆಸರು ತಂದ "ಹೌಂಡ್ ಡಾಗ್" ಅನ್ನ ಅವನಿಗಿಂತ ಮುಂಚೆ 1952ರಲ್ಲೇ ಹಾಡಿ ರೆಕಾರ್ಡ್ ಮಾಡಿದ್ದು ಬಿಗ್ ಮಾಮಾ ಥಾರ್ನ್‌ಟನ್ ಅನ್ನೋ ಕಪ್ಪು ಹೆಂಗಸು. ಆಕೆಯ ಸಿಗ್ನಲ್ ದೀಪ ಎಲ್ಲಿದೆ? ಇದೇ ದೇಶದಲ್ಲಿ ಅಮೆರಿಕನ್ ಸೈನಿಕರು ಕುಣಿಯೋಕೆ ಹೋಗ್ತಿದ್ದ ಬಾರ್‌ಗಳಲ್ಲಿ ಬಿಳಿಯರದು ಬೇರೆ, ಕಪ್ಪು ಸೈನಿಕರದು ಬೇರೆ ಅಂತಿತ್ತು. ಸೈನ್ಯದಲ್ಲಿ ಬೇರ್ಪಡಿಸೋದು ನಿಲ್ಲಲಿ ಅಂತ 1948ರಲ್ಲೇ ಆದೇಶ ಆಗಿದ್ದರೂ. ನಮ್ಮೂರ ಹೋಟೆಲಿನ ಎರಡು ಲೋಟದ ಹಾಗೆ.

ಏಳನೇ ವಾರ ನಾನು ಹತ್ತು ನಿಮಿಷ ಕೇಳಿಕೊಂಡು, ಫೋನಿನಲ್ಲಿ ಸವಾಯ್‌ನ ಹಳೇ ಫಿಲ್ಮ್ ತುಣುಕು ತೋರಿಸಿ, ಈಗ ನಿಮಗೆ ಹೇಳಿದ್ದನ್ನೆಲ್ಲ ಮುರುಕು ಜರ್ಮನ್‌ನಲ್ಲಿ ಹೇಳಿದೆ. ಕೊನೆಗೆ "ಈ ಕುಣಿತ ಹುಟ್ಟಿದ ಮನೆಯಲ್ಲಿ ಯಾರೂ ಯಾರ ಕೈಯನ್ನೂ ಬಿಟ್ಟು ನೀರು ಕುಡಿಯೋಕೆ ಹೋಗ್ತಿರಲಿಲ್ಲ" ಅಂದೆ. ಜರ್ಮನ್ನರು ಯಾಕೆ ಅಂತ ತಿಳಿಯದೆ ನಕ್ಕರು. ತಿಳಿಯಬೇಕಾದವರಿಗೆ ತಿಳೀತು. ಆ ಮನುಷ್ಯ ಎಂಟನೇ ವಾರ ಬರಲಿಲ್ಲ.

ಹೆಂಡತಿ ಬಂದರು. ಒಬ್ಬರೇ.

ಎಂಟನೇ ವಾರಕ್ಕೆ ಗಂಡಸರು ಕಡಿಮೆ ಬಿದ್ದರು. ಯಾರಾದ್ರೂ ಹೆಂಗಸರು ನಡೆಸೋ ಕಡೆ ನಿಲ್ತೀರಾ ಅಂತ ಟೀಚರ್ ಕೇಳಿದರು. ನಾನು ನಿಂತೆ. ಎಡಗಾಲಿನಿಂದ ಶುರು ಮಾಡಬೇಕು, ಎಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗು. ಮೂರು ಜನರ ಕಾಲು ತುಳಿದೆ. ನಾಲ್ಕನೇ ಸುತ್ತಿಗೆ ಅವರು ನನ್ನೆದುರು ಬಂದು ನಿಂತರು. ನಾನು ಕೈ ಚಾಚಿದೆ. ಕನ್ನಡದಲ್ಲಿ ಕೈ ಕೊಡೋದು ಅಂದ್ರೆ ಮೋಸ ಮಾಡೋದು ಅಂತಲೂ ಅರ್ಥ ಅನ್ನೋದು ಆ ಕ್ಷಣದಲ್ಲಿ ಯಾಕೆ ತಲೆಗೆ ಬಂತೋ ಗೊತ್ತಿಲ್ಲ. ಅವರು ಒಂದು ಸಲ ನೀರಿನ ಮೇಜಿನ ಕಡೆ ನೋಡಿದರು. ಆಮೇಲೆ ಕೈ ಕೊಟ್ಟರು, ಬೆರಳ ತುದಿ ಮಾತ್ರ.

ಬೆರಳ ತುದಿಯಲ್ಲಿ ಹಿಡಿದರೆ ಈ ಕುಣಿತ ಆಗಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟ ಕೂಡಲೇ ಕೈ ಜಾರಿಹೋಗುತ್ತೆ. ಜಾರಿತು. ಇನ್ನೊಂದು ಸಲ. ಮತ್ತೆ ಜಾರಿತು. "ಅಕ್ಕಾ, ಪೂರ್ತಿ ಹಿಡೀರಿ, ಇಲ್ಲಾಂದ್ರೆ ಇಬ್ಬರೂ ಬೀಳ್ತೀವಿ" ಅಂದೆ. ಹಿಡಿದರು. ಒಂದು ಹಾಡು ಪೂರ್ತಿ ಕುಣಿದ್ವಿ. ಅವರು ಏನೂ ಮಾತಾಡಲಿಲ್ಲ, ಹೋಗುವಾಗ ಕೋಟು ಹಾಕಿಕೊಂಡು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಏನೋ ಹೇಳೋಕೆ ಬಂದು, ಹೇಳದೆ ಹೋದರು. ಅವರು ಬದಲಾದರು ಅಂತ ನಾನು ಹೇಳ್ತಾ ಇಲ್ಲ. ಮನೆಗೆ ಹೋಗಿ ಕೈ ತೊಳೆದರೋ ಏನೋ, ನನಗೇನು ಗೊತ್ತು. ಅವರನ್ನ ಬದಲಿಸೋಕೆ ನಾನು ಫೀಸ್ ಕಟ್ಟಿರಲಿಲ್ಲ.

ಅಣ್ಣಾ, ಈ ಕುಣಿತದಿಂದ ಜಾತಿ ಹೋಗುತ್ತೆ ಅಂತ ನಾನಂದಿದ್ರೆ ನೀವು ನನ್ನ ಕಿವಿ ಹಿಂಡಿ. ಅಂದಿಲ್ಲ. ನಾನಂದಿದ್ದು ಇಷ್ಟೇ: ಊರವರು ನಮ್ಮನ್ನ ಕುಣಿಸಿದ್ದು ಬೇರೆ, ನಾವಾಗಿ ಕುಣಿಯೋದು ಬೇರೆ. ಅಪ್ಪ ತಮಟೆ ಕೆಳಗಿಟ್ಟಿದ್ದು ಬಡಿಯೋಕೆ ಅವನಿಗೆ ಹಕ್ಕಿಲ್ಲ ಅಂತ ಅಲ್ಲ, ಬಡಿ ಅಂತ ಹೇಳೋಕೆ ಅವರಿಗೆ ಹಕ್ಕಿಲ್ಲ ಅಂತ. ಅದನ್ನ ನನಗೆ ಕಲಿಸಿದ್ದೇ ನೀವು. ಈಗ ಕುಣಿಬೇಡ ಅಂತ ಹೇಳೋ ಹಕ್ಕನ್ನ ನೀವು ಎಲ್ಲಿಂದ ತಂದಿರಿ? ಸಭೆಗೆ ಬಾ, ಮೆರವಣಿಗೆಗೆ ಬಾ, ಕರಪತ್ರ ಹಂಚು, ಎಲ್ಲಕ್ಕೂ ಬಂದಿದೀನಿ. ರಾತ್ರಿ ಪಾಳಿ ಮುಗಿಸಿ ಏಪ್ರಿಲ್ 14ಕ್ಕೆ ಇಲ್ಲಿ ಹಾಲ್ ಬಾಡಿಗೆ ಹಿಡಿದು ಕುರ್ಚಿ ಜೋಡಿಸೋಳೂ ನಾನೇ. ಸಂತೋಷ ಪಡೋದಕ್ಕೆ ಮಾತ್ರ ರಜೆ ಚೀಟಿ ಬರೀಬೇಕಾ?

ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆ. ನಿಮ್ಮ ಕಮೆಂಟನ್ನ ತಮ್ಮ ಓದಿ ಹೇಳಿದ್ದನಂತೆ. ಅಪ್ಪ ಅದರ ಬಗ್ಗೆ ಏನೂ ಅನ್ನಲಿಲ್ಲ. "ಅದೇನೋ ಆರರ ಹೆಜ್ಜೆ ಅಂದ್ಯಲ್ಲ, ನಾಲ್ಕರ ಮೇಲೆ ಹೆಂಗೆ ಕೂರುತ್ತೆ ತೋರ್ಸು" ಅಂದ. ಫೋನನ್ನ ಡಬ್ಬಕ್ಕೆ ಒರಗಿಸಿಟ್ಟು ಅಡುಗೆಮನೆಯಲ್ಲೇ ಮಾಡಿ ತೋರಿಸಿದೆ. ಅವನು ಮಂಚದ ಕಟ್ಟಿಗೆ ಮೇಲೆ ಬೆರಳಲ್ಲಿ ಬಡೀತಾ ಬಡೀತಾ ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಹಿಡಿದುಬಿಟ್ಟ. ಆಮೇಲೆ ಅಮ್ಮ ಬಂದಳು ಅಂತ ಕೈ ತೆಗೆದ.

ಎರಡನೇ ಹಂತದ ಕ್ಲಾಸು ಮುಂದಿನ ಮಂಗಳವಾರ ಏಳೂವರೆಗೆ ಶುರು. ಹೆಸರು ಬರೆಸಿದೀನಿ, ಈ ಸಲ ನಡೆಸೋ ಸಾಲಿನಲ್ಲಿ. ವಿಡಿಯೋ ಹಾಕ್ತೀನಿ. ಬೈಯೋರು ಬೈಯಬಹುದು. ಅಣ್ಣ, ನೀವು ಮಾತ್ರ ಫೋನ್ ಮಾಡಿ ಬೈಯಿರಿ, ನಿಮ್ಮ ದನಿ ಕೇಳಿ ತುಂಬ ದಿನ ಆಯ್ತು.

ಜೈ ಭೀಮ್.